ಹೆಸರು ಹೇಳದ ಭಾಷಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಹೆಸರಷ್ಟೇ ಅಲ್ಲ, ನನ್ನ ಗೆಳತಿಯ ಹಳ್ಳಿ ಯಾವುದೆಂದು ಹೇಳುವುದಿಲ್ಲ, ಅವಳು ಗೆದ್ದ ಆಟವನ್ನು ಬದಲಿಸಿದ್ದೇನೆ, ಅವಳಿಗೆ ಎಷ್ಟು ಜನ ಒಡಹುಟ್ಟಿದವರು ಎಂಬುದನ್ನೂ ಬಿಟ್ಟಿದ್ದೇನೆ. ಓದಿದವರು ಬೆರಳು ಮಾಡಿ ‘ಇವಳೇ’ ಎನ್ನಬಾರದು. ಬರೆಯಲೇ ಎಂದು ಅವಳನ್ನು ಕೇಳಿದ್ದೆ. “ಬರೀರಿ. ನನ್ನ ಗುರ್ತು ಮಾತ್ರ ಸಿಗಬಾರ್ದು” ಎಂದಳು. ಇಷ್ಟು ಎಚ್ಚರ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹೆಸರೊಂದು ಹೇಳದಿದ್ದರೆ ಸಾಕು, ಉಳಿದದ್ದೆಲ್ಲ ಹೇಳಬಹುದು ಎಂದು ನಂಬಿದ್ದ ಹುಡುಗಿ ನಾನು. ಅದರ ಫಲ ಉಂಡವಳು ಮಾತ್ರ ಅವಳು.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಮಾತಿನಮಲ್ಲಿ ಎಂದು ಶಾಲೆಗೆಲ್ಲ ಹೆಸರಾಗಿದ್ದೆ. ಆಗಸ್ಟ್ ಹದಿನೈದಿರಲಿ, ಜನವರಿ ಇಪ್ಪತ್ತಾರಿರಲಿ, ಮೈಕು ಊರಿನ ಟೆಂಟ್‌ಹೌಸಿನಿಂದ ಬಂದ ಕೂಡಲೇ ಅದರ ಮುಂದೆ ನಿಲ್ಲುತ್ತಿದ್ದವಳು ನಾನೇ. ಲಿಂಗಸುಗೂರಿನ ಭಾಷಣ ಸ್ಪರ್ಧೆಯಲ್ಲಿ ಎರಡು ಸಲ ಸ್ಟೀಲಿನ ಲೋಟ ಗೆದ್ದುಕೊಂಡು ಬಂದಿದ್ದೆ. ಅಪ್ಪ ಆ ಲೋಟಗಳಲ್ಲಿ ನೀರು ಕುಡಿಯದೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ಅವ್ವ ಮಾತ್ರ “ಇಕಿ ಬಾಯಿಗೆ ಅಗಳಿ ಇಲ್ಲ ನೋಡು” ಎನ್ನುತ್ತಿದ್ದಳು. ಅವ್ವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ನಾನು ಅಂದುಕೊಂಡಿದ್ದೆ. ಎಂಥ ಬುದ್ಧಿ!

ಆ ವರ್ಷ ವಿಜ್ಞಾನದ ಪುಸ್ತಕದಲ್ಲಿ ಹೆಣ್ಣಿನ ದೇಹದ ಒಳಭಾಗದ ಚಿತ್ರವಿದ್ದ ಪಾಠ ಒಂದಿತ್ತು. ವಿಜ್ಞಾನದ ಮಾಸ್ತರರು ಆ ಪಾಠಕ್ಕೆ ಬಂದಾಗ ನಾಲ್ಕು ಹಾಳೆ ಒಟ್ಟಿಗೆ ಹಿಡಿದು ಮಗುಚಿದರು. “ಇದನ್ನ ಮನ್ಯಾಗ ಓದಿಕೊಳ್ರಿ” ಎಂದರು. ಹುಡುಗರು ಮೊದಲೇ ಓದಿಕೊಂಡಿದ್ದರು ಅನ್ನುವುದು ಅವರು ಕಿಸಕಿಸ ನಕ್ಕಾಗ ತಿಳಿಯಿತು. ಅದೇ ತಿಂಗಳು ಎಂಟನೇ ತರಗತಿಯ ಹುಡುಗಿಯೊಬ್ಬಳ ಲಂಗದ ಮೇಲೆ ಕಲೆಯಾಯಿತು. ಮರುದಿನ ಯಾರೋ ಅವಳು ಕೂರುವ ಬೆಂಚಿನ ಮೇಲೆ ಕೆಂಪು ಶಾಯಿ ಚೆಲ್ಲಿ ಇಟ್ಟಿದ್ದರು. ಅವಳು ಬಾಗಿಲಿನಲ್ಲಿ ನಿಂತು ಅದನ್ನು ನೋಡಿ ಪಾಟಿಚೀಲ ಹೆಗಲಿಗೇರಿಸಿಕೊಂಡು ಹೋದವಳು ಮತ್ತೆ ಶಾಲೆಗೆ ಬರಲಿಲ್ಲ.

ನಮಗೆ ಸಿಟ್ಟು ಬಂದದ್ದು ಅಲ್ಲಿಂದ. ಐದಾರು ಹುಡುಗಿಯರು ಸೇರಿ ಹೊಲಿಗೆ ಟೀಚರ ಹತ್ತಿರ ಹೋದೆವು. ಅವರು ದಿನಾ ಸಿಂಧನೂರಿನಿಂದ ಬಸ್ಸಿಗೆ ಬಂದು ಹೋಗುತ್ತಿದ್ದರು. ಶನಿವಾರ ಮುಂಜಾನೆಯ ಶಾಲೆಯಲ್ಲಿ ಕೊನೆಯ ಪೀರಿಯಡ್ ಅವರದು.

“ಟೀಚರ್ರ, ಆ ನಾಕ ಹಾಳಿ ನಾವ ಹೊಲಿಗಿ ಕ್ಲಾಸಿನ್ಯಾಗ ಓದ್ತೀವ್ರಿ” ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದರು: “ನನಗೇನೂ ಕೇಳಿಸಿಲ್ಲವ್ವ. ಬಾಗಲಾ ಮುಂದ ಮಾಡಿ ಓದ್ರಿ.”

ಬಾಗಿಲು ಮುಚ್ಚಿದೆವು. ಹೀಗೆ ನಮ್ಮ ಶನಿವಾರದ ಕ್ಲಾಸು ಶುರುವಾಯಿತು. ಒಬ್ಬಳು ಪಾಠ ಓದುವುದು, ಉಳಿದವರು ಹಳೆಯ ಧೋತರ ಹರಿದು ಮಡಚಿ, ಅಂಚು ಹೊಲಿದು, ಲಾಡಿ ಕಟ್ಟುವುದು. ನೋಡಿದವರಿಗೆ ಕರವಸ್ತ್ರ ಹೊಲಿಯುತ್ತಿದ್ದ ಹಾಗೆ ಇರಬೇಕು. ಒಂದು ಖಾಲಿ ಬಿಸ್ಕೀಟಿನ ಡಬ್ಬಿ ಇಟ್ಟೆವು. ಕೇಳಲು ನಾಚಿಕೆ ಇದ್ದವರು ಚೀಟಿ ಬರೆದು ಹಾಕಬೇಕು. ಉತ್ತರ ಗೊತ್ತಿಲ್ಲದ್ದನ್ನು ಹೊಲಿಗೆ ಟೀಚರು ಸಿಂಧನೂರಿನ ದವಾಖಾನೆಯ ನರ್ಸ್‌ಬಾಯಿಯನ್ನು ಕೇಳಿಕೊಂಡು ಬರುತ್ತಿದ್ದರು. ‘ಎಷ್ಟು ರಕ್ತ ಹೋದರೆ ಸಾಯುತ್ತಾರೆ?’ ಎಂದು ಒಂದು ಚೀಟಿ ಇತ್ತು. ಬರೆದವಳು ಎಷ್ಟು ದಿನ ಆ ಭಯ ಇಟ್ಟುಕೊಂಡಿದ್ದಳೋ.

ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆಯೇ ಎಂಬ ಚೀಟಿಗಳಂತೂ ರಾಶಿ. ನಮ್ಮಲ್ಲೊಬ್ಬ ಮುಸ್ಲಿಂ ಗೆಳತಿ ಇದ್ದಳು, ಬಲು ಗಟ್ಟಿಗಿತ್ತಿ. ಅವಳು ಒಂದು ಶನಿವಾರ ಮಾವಿನಕಾಯಿಯ ಭರಣಿ ತಂದು ಮಧ್ಯದಲ್ಲಿ ಇಟ್ಟಳು. “ಮೂರು ತಿಂಗಳ ಹಿಂದ, ನಂದು ಇದ್ದಾಗ, ನನ್ನ ಕೈಯಾರೆ ಕಲಸೀನಿ. ಯಾರಿಗೆ ಧೈರ್ಯ ಐತಿ, ತಿನ್ರಿ” ಎಂದಳು. ಅರ್ಧ ಜನ ತಿಂದರು. ಉಳಿದರ್ಧ ಜನ, ತಿಂದವರಿಗೆ ಏನಾಗುತ್ತದೋ ಎಂದು ಸೋಮವಾರದವರೆಗೆ ಕಾದರು. ಅವಳ ಮನೆಯಲ್ಲಿ ಆ ದಿನಗಳಲ್ಲಿ ನಮಾಜು ಇಲ್ಲ, ರೋಜಾ ಇಲ್ಲ, ಆದರೆ ಅಡುಗೆಗೆ ಅಡ್ಡಿಯಿಲ್ಲ. ನಮ್ಮ ಮನೆಯಲ್ಲಿ ಯಾವುದಕ್ಕೂ ಅಡ್ಡಿಯಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಂಥ ಸೂತಕ ಎನ್ನುತ್ತಿದ್ದಳು ಅಜ್ಜಿ. ಅವ್ವ ಆ ದಿನಗಳಲ್ಲೂ ಪೂಜೆ ಮಾಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು. ನಮ್ಮಲ್ಲಿ ಮತ್ತೊಬ್ಬಳು ಆ ದಿನಗಳಲ್ಲಿ ಮನೆಯ ಹೊರಗೆ ಕೂರಬೇಕಿತ್ತು. ಒಂದೇ ನಲ್ಲಿಯ ನೀರು ಕುಡಿಯುವ ಮೂರು ಮನೆಗಳಲ್ಲಿ ಮೂರು ಕಾಯಿದೆ ಇರುವುದು ನಮಗೆ ಆ ಕೋಣೆಯಲ್ಲಿ ಗೊತ್ತಾಯಿತು.

ನನ್ನ ಕುರುಡುತನ ಹುಟ್ಟಿದ್ದೂ ಅಲ್ಲೇ. ನಮ್ಮ ಮನೆಯಲ್ಲಿ ಇದು ಬರೀ ನಾಚಿಕೆಯ ವಿಷಯವಾಗಿತ್ತು. ನಾಚಿಕೆ ಬಿಟ್ಟರೆ ಎಲ್ಲರಿಗೂ ಎಲ್ಲ ಸರಿಹೋಗುತ್ತದೆ ಎಂದು ನಾನು ತಿಳಿದಿದ್ದೆ.

ಈಗ ಆ ಗೆಳತಿಯ ಮಾತು. ಅವಳು ಪಾಮನಕಲ್ಲೂರಿನ ಕಡೆಯಿಂದ ಬಸ್ಸಿಗೆ ಬರುತ್ತಿದ್ದಳು. ಕುರಿ ಸಾಕುವ ಮನೆತನ. ಉದ್ದ ಕಾಲಿನ ಹುಡುಗಿ, ಓಟದಲ್ಲಿ ಅವಳನ್ನು ಹಿಡಿಯುವವರು ನಮ್ಮ ಶಾಲೆಯಲ್ಲಿ ಹುಡುಗರಲ್ಲೂ ಇರಲಿಲ್ಲ. ಲಿಂಗಸುಗೂರಿನ ದವಾಖಾನೆಯಲ್ಲಿ ಬಿಳಿ ಸೀರೆಯ ನರ್ಸ್ ಒಬ್ಬರನ್ನು ನೋಡಿಬಂದ ಮೇಲೆ ಅವಳ ತಲೆಯಲ್ಲಿ ಅದೊಂದೇ: ಹತ್ತನೇ ತರಗತಿ ಪಾಸಾಗಬೇಕು, ನರ್ಸ್ ಟ್ರೇನಿಂಗಿಗೆ ಹೋಗಬೇಕು. ಆದರೆ ಅವಳ ಆಯಿ, ಅಂದರೆ ತಾಯಿಯ ತಾಯಿ, ಗುರುಗುಂಟಾದ ಕಡೆಯ ಮುದುಕಿ, ಎಂದೋ ಮಾತು ಕಟ್ಟಿಟ್ಟಿದ್ದಳು. ಮೊಮ್ಮಗಳು ದೊಡ್ಡಾಕಿ ಆಗುವ ತನಕ ಶಾಲೆ, ಆದ ವರ್ಷವೇ ತನ್ನ ಮಗನಿಗೆ, ಅಂದರೆ ಹುಡುಗಿಯ ಸೋದರಮಾವನಿಗೆ, ಅಕ್ಕಿಕಾಳು ಹಾಕಿ ಮದುವೆ. ಆ ಮಾತನ್ನು ಮೀರುವ ಧೈರ್ಯ ಅವಳ ತಾಯಿಗೂ ಇರಲಿಲ್ಲ, ತಂದೆಗೂ ಇರಲಿಲ್ಲ.

ದೀಪಾವಳಿ ರಜೆ ಮುಗಿದ ಮೊದಲ ಶನಿವಾರ ಅವಳು ಹೊಲಿಗೆ ಕೋಣೆಯ ಮೂಲೆಗೆ ನನ್ನನ್ನು ಎಳೆದುಕೊಂಡು ಹೋದಳು.

“ಬೇ, ನಂದೂ ಬಂದೈತಿ. ಮನ್ಯಾಗ ಹೇಳಂಗಿಲ್ಲ. ಹತ್ತನೆತ್ತ ಪಾಸಾಗೂ ತನಕ ಯಾರಿಗೂ ಹೇಳಂಗಿಲ್ಲ. ನಿನಗೊಬ್ಬಾಕಿಗೆ ಗೊತ್ತಿರ್ಲಿ.”

ನಾನು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದೆ. ಅವಳ ಮುಖದಲ್ಲಿ ಅಳು ಇರಲಿಲ್ಲ. ಅಂದು ನಾವು ಹೊಲಿದಿದ್ದ ತುಂಡುಗಳಲ್ಲಿ ಮೊದಲನೆಯದನ್ನು ತೆಗೆದುಕೊಂಡವಳು ಅವಳೇ.

ಅವಳ ಬಟ್ಟೆಯ ಚೀಲ ನಮ್ಮ ಮನೆಯಲ್ಲಿ ಇರತೊಡಗಿತು. ಬಸ್ಸಿಳಿದು ನಮ್ಮ ಮನೆಗೆ ಬಂದು, ಹಿತ್ತಲಲ್ಲಿ ಬದಲಿಸಿಕೊಂಡು, ನನ್ನ ಜೊತೆ ಶಾಲೆಗೆ ಹೋಗುವಳು. ತುಂಡುಗಳು ನಮ್ಮ ಮಾಳಿಗೆಯ ಮೇಲೆ ನನ್ನವುಗಳ ಜೊತೆ ಬಿಸಿಲಿಗೆ ಒಣಗುತ್ತಿದ್ದವು. ಅವ್ವ ಒಂದು ಸಲ ಹಗ್ಗದ ಮೇಲಿನ ಬಟ್ಟೆ ತೆಗೆಯುವಾಗ ಅವನ್ನು ನೋಡಿದಳು, ನನ್ನನ್ನೂ ನೋಡಿದಳು. ಒಂದು ಮಾತೂ ಆಡದೆ ಎರಡನ್ನೂ ಬೇರೆಬೇರೆ ಮಡಚಿ ಇಟ್ಟಳು. ಒಂಬತ್ತು ತಿಂಗಳು ಅವ್ವ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವಳು ಆಣೆ ಮಾಡಿದವಳು.

ಹತ್ತನೇ ತರಗತಿಗೆ ಬಂದೆವು. ಶನಿವಾರದ ಕ್ಲಾಸಿಗೆ ಈಗ ಕೆಳಗಿನ ತರಗತಿಯವರೂ ಬರುತ್ತಿದ್ದರು. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ. ಮಕ್ಕಳಿಗೆ ಕಲಿಸಿ ಏನು ಬಂತು, ಮನೆಯಲ್ಲಿ ಹೊರಗೆ ಕೂರಿಸುವವರು ತಾಯಂದಿರು, ಅವರನ್ನೇ ಶಾಲೆಗೆ ಕರೆಸೋಣ ಎಂದೆ. ಹೊಲಿಗೆ ಟೀಚರು “ಜರಾ ತಡೀರವ್ವ, ಒಂದೆರಡು ವರ್ಷ ಹೋಗ್ಲಿ” ಎಂದರು. ಒಂದೆರಡು ವರ್ಷ ಹೋದರೆ ನಾನು ಶಾಲೆ ಬಿಟ್ಟಿರುತ್ತೇನಲ್ಲ, ಆಮೇಲೆ ಭಾಷಣ ಮಾಡುವವರು ಯಾರು? ಅದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಶ್ರಾವಣದ ಒಂದು ಶುಕ್ರವಾರ ಅರಿಷಿಣ ಕುಂಕುಮದ ನೆಪ ಮಾಡಿ ತಾಯಂದಿರನ್ನು ಕರೆಯುವುದೆಂದು ಮುಖ್ಯ ಗುರುಗಳ ಒಪ್ಪಿಗೆ ಪಡೆದೆ. ಅರಿಷಿಣ ಕುಂಕುಮಕ್ಕೆ ಬೇಡ ಎನ್ನುವವರುಂಟೆ!

“ನಮ್ಮವ್ವನ್ನ ಕರೀಬ್ಯಾಡ” ಎಂದಳು ಗೆಳತಿ.

“ಎಲ್ಲಾರ ಅವ್ವಂದಿರೂ ಬರ್ತಾರ. ನಿಮ್ಮವ್ವ ಒಬ್ಬಾಕಿ ಬರದಿದ್ರ ಹೆಂಗ?” ಎಂದೆ.

ಅವಳು ಕರೆಯುವುದಿಲ್ಲ ಎಂದು ಗೊತ್ತಾಗಿ ನಾನೇ ಒಂದು ಭಾನುವಾರ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅವಳ ತಾಯಿ ಕಂಬಳಿ ಹಾಸಿ ಕೂರಿಸಿ, ಜೋಳದ ರೊಟ್ಟಿ, ಕೆನೆಮೊಸರು ಕೊಟ್ಟರು. “ಸಾಲಿ ಮಾತು ನನಗೇನ ತಿಳಿತೈತವ್ವ” ಎಂದು ನಾಚಿಕೊಂಡರು. ನಾನು ಬಿಡಬೇಕಲ್ಲ. ಬರಲೇಬೇಕು, ನಿಮ್ಮ ಮಗಳು ಶಾಲೆಗೇ ಹೆಸರು ತಂದವಳು ಎಂದು ಉಬ್ಬಿಸಿ ಒಪ್ಪಿಸಿದೆ. ಗೆಳತಿ ಬಸ್ಸಿನ ತನಕ ಕಳಿಸಲು ಬಂದಳು.

“ನೀ ಏನ್ ಮಾತಾಡ್ತಿ ಅಲ್ಲಿ?” ಎಂದು ಕೇಳಿದಳು.

“ನಿನ್ನ ಹೆಸರು ತಗೊಳ್ಳಂಗಿಲ್ಲ, ಅಂಜಬ್ಯಾಡ.”

“ಹೆಸರಿನ ಮಾತಲ್ಲ ಬೇ...” ಎಂದು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಬಸ್ಸು ಬಂತು. ನಾನು ಕಿಟಕಿಯ ಸೀಟು ಹಿಡಿಯಲು ಓಡಿದೆ.

ಆ ಶುಕ್ರವಾರ ಹೊಲಿಗೆ ಕೋಣೆಯಲ್ಲಿ ಜಮಖಾನೆ ಹಾಸಿ ತಾಯಂದಿರನ್ನು ಕೂರಿಸಿದೆವು. ಎಲೆ ಅಡಿಕೆ, ಕುಂಕುಮದ ಬಟ್ಟಲು, ಪುಠಾಣಿ ಸಕ್ಕರೆ. ನನ್ನ ಭಾಷಣ ಎರಡು ಹಾಳೆ ಬರೆದುಕೊಂಡಿದ್ದೆ. ಗರ್ಭಕೋಶ, ಹಾರ್ಮೋನು, ಸ್ವಚ್ಛತೆ. ಓದತೊಡಗಿದ ಮೇಲೆ ಗೊತ್ತಾಯಿತು, ಯಾರೂ ಕೇಳುತ್ತಿಲ್ಲ. ಕೆಲವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದರು. ಒಬ್ಬರು ಆಕಳಿಸಿದರು. ಇನ್ನಿಬ್ಬರು ಕಾಲುವೆ ನೀರಿನ ಮಾತು ತೆಗೆದಿದ್ದರು. ಮೈಕಿನ ಮುಂದೆ ಯಾರನ್ನೂ ಆಕಳಿಸಲು ಬಿಡದವಳು ನಾನು. ಎದೆಯಲ್ಲಿ ಒಂಥರಾ ಅವಮಾನ ಎದ್ದಿತು. ಹಾಳೆಯಲ್ಲಿ ಇಲ್ಲದ್ದನ್ನು ಬಾಯಿ ಹೇಳಿಬಿಟ್ಟಿತು.

“ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಅದಾಳ್ರಿ. ಹೆಸರು ಹೇಳಂಗಿಲ್ಲ. ಆಕಿ ದೊಡ್ಡಾಕಿ ಆಗಿದ್ದು ಮನ್ಯಾಗ ಗೊತ್ತಾದ್ರ ಸಾಲಿ ಬಿಡಸ್ತಾರ. ಅದಕ್ಕ ಒಂಬತ್ತು ತಿಂಗಳಾತು, ಯಾರಿಗೂ ಹೇಳಿಲ್ಲ. ಒಂದು ದಿನ ಸಾಲಿ ತಪ್ಪಿಸಿಲ್ಲ. ಆ ದಿನದಾಗಽ ಓಡಿ ತಾಲೂಕಿಗೆ ಫಸ್ಟ್ ಬಂದಾಳ. ಎಳ್ಳಷ್ಟು ಏನೂ ಆಗಿಲ್ಲ ಆಕಿಗೆ. ಮನೀಗೂ ಏನೂ ಆಗಿಲ್ಲ.”

ನೆಲ ನೋಡುತ್ತಿದ್ದವರು ತಲೆ ಎತ್ತಿದರು. ಎಲ್ಲ ಕಣ್ಣೂ ನನ್ನ ಮೇಲೆ. ನಾನು ಗೆದ್ದೆ ಎಂದುಕೊಂಡೆ. ಆ ಕ್ಷಣ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ, ಪಾಪ, ಮೆಚ್ಚಿಕೊಂಡೇ ಕೇಳಿದರು: “ಯಾರವ್ವ ಆ ಗಟ್ಟಿಗಿತ್ತಿ? ನಾವೂ ಒಂದೀಟು ನೋಡೂಣು.”

ಆಗಲೂ ದಾರಿ ಇತ್ತು. ಸುಮ್ಮನೆ ಕತೆ ಹೇಳಿದೆ, ಅಂಥವಳು ಯಾರೂ ಇಲ್ಲ ಎನ್ನಬಹುದಿತ್ತು. ಒಂದು ಸುಳ್ಳು. ಅಷ್ಟು ಮಾತು ಬಲ್ಲವಳಿಗೆ ಆ ಒಂದು ಸುಳ್ಳು ಹೊಳೆಯಲಿಲ್ಲ. ಹೊಳೆಯದಿದ್ದರೆ ಹೋಗಲಿ, ಕಣ್ಣಾದರೂ ನೆಟ್ಟಗೆ ಇರಬೇಕಿತ್ತು. ಅವು ಬಾಗಿಲ ಕಡೆ ಹೋದವು. ಅಲ್ಲಿ ಗೆಳತಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಕಣ್ಣಿನ ಹಿಂದೆ ಅಷ್ಟೂ ಹೆಂಗಸರ ಕಣ್ಣು ಹೋದವು. ತಾಲೂಕಿಗೆ ಫಸ್ಟ್ ಬಂದವಳು ಶಾಲೆಗೆ ಒಬ್ಬಳೇ ಇದ್ದಳು. ಅದನ್ನು ತಿಳಿಯಲು ಯಾರಿಗೂ ಹೆಸರು ಬೇಕಿರಲಿಲ್ಲ.

ಅವಳ ತಾಯಿ ಮೂರನೇ ಸಾಲಿನಲ್ಲಿದ್ದರು. ಕೂಗಾಡಲಿಲ್ಲ. ಮಡಿಲಲ್ಲಿದ್ದ ಪುಠಾಣಿಯ ಪೊಟ್ಟಣವನ್ನು ಜಮಖಾನೆಯ ಮೇಲೆ ಇಟ್ಟು ಎದ್ದರು. ಮಗಳ ಕೈಯಿಂದ ತಟ್ಟೆ ತೆಗೆದು ಪಕ್ಕದವಳಿಗೆ ಕೊಟ್ಟರು. ಮಣಿಕಟ್ಟು ಹಿಡಿದು “ನಡಿ” ಎಂದರು. ಗೆಳತಿ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಅವಳ ಜಾಗ ಖಾಲಿ. ಮುಸ್ಲಿಂ ಗೆಳತಿ ನನ್ನ ಹತ್ತಿರ ಬಂದು, “ನಿಂದು ನಾಲಿಗಿ ಐತೋ, ಕತ್ತರಿ ಐತೋ?” ಎಂದಳು. ಅವಳಿಗೂ ಆ ಗುಟ್ಟು ಗೊತ್ತಿತ್ತಂತೆ, ಎರಡನೇ ತಿಂಗಳಿನಿಂದಲೇ. ಗೊತ್ತಿರುವುದನ್ನು ನನಗೂ ಹೇಳದೆ ಇದ್ದಳು.

ಆಯಿ ಗುರುಗುಂಟಾದ ಕಡೆಯಿಂದ ಓಡಿ ಬಂದಳು. ಆ ಮಳೆಗಾಲದಲ್ಲಿ ಗೆಳತಿಯ ಮನೆಯ ದೊಡ್ಡಿಯಲ್ಲಿ ರೋಗ ಬಂದು ಕುರಿಮರಿಗಳು ಸತ್ತಿದ್ದವು. ಸುತ್ತಮುತ್ತಲ ಎಲ್ಲರ ದೊಡ್ಡಿಯಲ್ಲೂ ಸತ್ತಿದ್ದವು. ಆದರೆ ಆಯಿಗೆ ಈಗ ಕಾರಣ ಸಿಕ್ಕಿತು: ಮೈಲಿಗೆಯ ಮೈಯಲ್ಲಿ ಹುಡುಗಿ ದೊಡ್ಡಿಯಲ್ಲಿ ಅಡ್ಡಾಡಿದ್ದಾಳೆ, ಮರಿಗಳನ್ನು ಎತ್ತಿಕೊಂಡಿದ್ದಾಳೆ, ಮನೆದೇವರ ದೀಪ ಹಚ್ಚಿದ್ದಾಳೆ. ಮನೆಗೆ ಏನೂ ಆಗಿಲ್ಲ ಎಂದು ನಾನು ಭಾಷಣದಲ್ಲಿ ಹೇಳಿದ್ದೆನಲ್ಲ, ಆ ಸತ್ತ ಮರಿಗಳೆಲ್ಲ ಗೆಳತಿಯ ತಲೆಗೆ ಬಂದವು. ಅವಳೇ ಕೈಯಾರೆ ಹಾಲು ಕುಡಿಸಿದ ಮರಿಗಳು.

ಹೊಲಿಗೆ ಟೀಚರು ನನ್ನನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋದರು. ನನ್ನನ್ನು ಬೈಯಲಿಲ್ಲ. ಗೆಳತಿ ಹೊರಗಿನ ಕಟ್ಟೆಯ ಮೇಲೆ, ಬೇರೆ ತಟ್ಟೆ ಬೇರೆ ಚೊಂಬು ಇಟ್ಟುಕೊಂಡು, ಕಂಬಳಿಯ ಮೇಲೆ ಕೂತಿದ್ದಳು. ನಮ್ಮನ್ನು ನೋಡಿ ಗೋಡೆಯ ಕಡೆ ತಿರುಗಿದಳು. ಟೀಚರು ಅವಳ ತಾಯಿಯ ಕೈ ಹಿಡಿದು, ಪರೀಕ್ಷೆ ಒಂದು ಬರೆಯಲಿ, ಆಮೇಲೆ ಮದುವೆ ಮಾಡಿ ಎಂದು ಕೇಳಿಕೊಂಡರು.

ಆ ತಾಯಿ ನನ್ನನ್ನು ನೋಡಿ ಹೇಳಿದರು: “ನಾಕ ಮಂದಿ ಮುಂದ ಹೇಳಿದ ಮ್ಯಾಲ ನಾ ಹೆಂಗ ಮುಚ್ಚಿಡ್ಲೆವ್ವ? ಊರ ಹೆಂಗಸ್ರು ಅಲ್ಲೇ ಇದ್ರು. ನನಗೊಬ್ಬಾಕಿಗೆ ಗೊತ್ತಾಗಿದ್ರ ನಾನೂ ಬಾಯಿ ಮುಚ್ಕೊಂಡು ಇರ್ತಿದ್ನೇನೋ. ಓದ್ಲಿ ಅಂತ ನನಗೂ ಆಸೆ ಇತ್ತು.”

ನನಗೆ ಅವರ ಮನೆಯಲ್ಲಿ ಹೋದ ಸಲ ಉಂಡ ರೊಟ್ಟಿ ನೆನಪಾಯಿತು.

ಹನ್ನೊಂದನೆಯ ದಿನ ಅವಳಿಗೆ ನೀರು ಹಾಕಿ ಆರತಿ ಮಾಡಿದರು. ಕ್ಲಾಸಿನ ಹುಡುಗಿಯರನ್ನೆಲ್ಲ ಕರೆದಿದ್ದರು. ನಾನು ಹೋಗುವುದಿಲ್ಲ ಎಂದೆ. ಅವ್ವ, “ಹೋಗು. ಮಾಡಿದ್ದನ್ನ ಕಣ್ಣಿಲೆ ನೋಡಿ ಬಾ” ಎಂದಳು. ಗೆಳತಿ ಹಸಿರು ಸೀರೆಯುಟ್ಟು, ತಲೆಗೆ ದಂಡೆ ಮುಡಿದು, ಉಡಿಯಲ್ಲಿ ಒಣ ಕೊಬ್ಬರಿ ತುಂಬಿಕೊಂಡು ಮಣೆಯ ಮೇಲೆ ಕೂತಿದ್ದಳು. ಓಡುವ ಕಾಲುಗಳು ಸೀರೆಯೊಳಗೆ ಮಡಚಿದ್ದವು. ಒಬ್ಬೊಬ್ಬರೇ ಹೋಗಿ ಕೆನ್ನೆಗೆ ಅರಿಷಿಣ ಹಚ್ಚಬೇಕು. ನನ್ನ ಸರದಿ ಬಂತು. ಅರಿಷಿಣದ ಬಟ್ಟಲಲ್ಲಿ ಬೆರಳು ಅದ್ದಿದೆ. ಅವಳು ಮೊದಲ ಸಲ ನನ್ನ ಮುಖ ನೋಡಿದಳು.

“ಭಾಷಣ ಚಲೋ ಇತ್ತು ಬೇ” ಎಂದಳು.

ಮಾಘದಲ್ಲಿ ಅವಳ ಮದುವೆಯಾಯಿತು. ಪರೀಕ್ಷೆ ಹತ್ತಿರ ಬಂದಿದೆ ಎಂಬ ನೆಪ ಹೇಳಿ ನಾನು ಹೋಗಲಿಲ್ಲ. ಅವಳಿಗೆ ಇಲ್ಲದ ಪರೀಕ್ಷೆ ನನಗೆ ನೆಪವಾಯಿತು. ಅವಳ ಚೀಲ ನಮ್ಮ ಮನೆಯಲ್ಲೇ ಉಳಿಯಿತು. ಕೊಡಲು ಹೋಗಲಿಲ್ಲ, ಬಿಸಾಡಲೂ ಆಗಲಿಲ್ಲ. ಶನಿವಾರದ ಕ್ಲಾಸು ನಿಲ್ಲಲಿಲ್ಲ. ಮುಸ್ಲಿಂ ಗೆಳತಿ ಅದನ್ನು ನಡೆಸಿದಳು, ನಾವು ಶಾಲೆ ಬಿಟ್ಟ ಮೇಲೆ ಕೆಳಗಿನ ತರಗತಿಯವರು ನಡೆಸಿದರು. ಅವರ್‍ಯಾರೂ ಭಾಷಣ ಮಾಡುತ್ತಿರಲಿಲ್ಲವಾದ್ದರಿಂದ ಅದು ಚೆನ್ನಾಗಿಯೇ ನಡೆಯಿತು.

ನಾನು ಓದಿದೆ, ಮುಂದೆ ಟೀಚರಾದೆ. ತೊಂಬತ್ತರ ದಶಕದ ಮಧ್ಯದಲ್ಲಿ ಲಿಂಗಸುಗೂರಿನ ಒಂದು ಶಾಲೆಗೆ ಬಂದೆ. ಆ ಪಾಠದ ಹಾಳೆಗಳನ್ನು ನಾನು ಮಗುಚಲಿಲ್ಲ, ಒಂದೊಂದು ಸಾಲೂ ಓದಿಸಿದೆ. ಬಾಗಿಲು ಮುಂದೆ ಮಾಡಲಿಲ್ಲ. ನನ್ನ ವಿದ್ಯಾರ್ಥಿನಿಯರು ತಾವೇ ಚೀಟಿಯ ಡಬ್ಬಿ ಇಟ್ಟುಕೊಂಡರು, ತಾವೇ ಕೆಳಗಿನ ತರಗತಿಯವರಿಗೆ ಕಲಿಸತೊಡಗಿದರು. ಸಿಂಧನೂರಿನ ಶಿಕ್ಷಕರ ತರಬೇತಿಗೆ ನನ್ನನ್ನು ಕರೆಸಿ, ಹೇಗೆ ಕಲಿಸುತ್ತೀರಿ ತೋರಿಸಿ ಎಂದರು. ಶಾಲು ಹೊದಿಸಿದರು. ಶಾಲು ಹೆಗಲ ಮೇಲೆ ಬಿದ್ದ ಕೂಡಲೇ ನನಗೆ ಆ ಹಸಿರು ಸೀರೆ ಕಂಡು, ಎರಡು ಮಾತಾಡಿ ಎಂದವರಿಗೆ ಗಂಟಲು ಸರಿಯಿಲ್ಲ ಎಂದೆ. ಕ್ಲಾಸಿನಲ್ಲಿ ‘ನಾಚಿಕೊಳ್ಳಬೇಡಿ’ ಎಂದಾಗಲೆಲ್ಲ ಇನ್ನೊಂದು ಮಾತು ಸೇರಿಸುವುದು ರೂಢಿಯಾಯಿತು: ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು, ಅದು ನಿಮ್ಮಿಷ್ಟ. ಬೇರೆಯವರದ್ದನ್ನು ನೀವು ಹೇಳುವಂತಿಲ್ಲ.

ಆ ದಶಕದ ಕೊನೆಯ ಒಂದು ಜೂನ್ ತಿಂಗಳು. ದಾಖಲಾತಿಯ ದಿನ. ನನ್ನ ಮೇಜಿನ ಮುಂದೆ ಉದ್ದ ಕಾಲಿನ ಒಬ್ಬ ಹುಡುಗಿ ಬಂದು ನಿಂತಳು. ಆರನೇ ತರಗತಿಗೆ. ಆ ಕಾಲು ನೋಡಿ ನಾನು ತಲೆ ಎತ್ತಿದೆ. ಅವಳ ಹಿಂದೆ ಅವಳ ತಾಯಿ, ನನ್ನ ಗೆಳತಿ. ತಲೆಯ ಮೇಲೆ ಸೆರಗು, ಮುಂಗೂದಲಲ್ಲಿ ಆಗಲೇ ಬಿಳುಪು.

“ಆರಾಮ ಅದೀರೇನ್ರಿ ಟೀಚರ್ರ” ಎಂದಳು.

ನನ್ನನ್ನು ಬೇ ಎಂದು ಕರೆಯುತ್ತಿದ್ದವಳು. ನಾನು ಎದ್ದು ಅವಳ ಕೈ ಹಿಡಿಯಲು ಹೋದೆ, ಅವಳು ಕೈಯಲ್ಲಿದ್ದ ಕಾಗದಗಳನ್ನು ಕೊಟ್ಟಳು. ನನ್ನದು ತಪ್ಪಾಯಿತು, ಇಷ್ಟು ವರ್ಷ ಬಂದು ಹೇಳುವ ಧೈರ್ಯವಾಗಲಿಲ್ಲ ಎಂದು ಏನೇನೋ ತೊದಲಿದೆ. ಅವಳು ಪೂರ್ತಿ ಕೇಳಿದಳು. ಆಗಲಿ ಬಿಡಿ ಎನ್ನಲಿಲ್ಲ. ಮಗಳನ್ನು ಹೊರಗೆ ಕಳಿಸಿ, ಧ್ವನಿ ಇಳಿಸಿ ಹೇಳಿದಳು:

“ಅದರ ಬಗ್ಗೆ ನೀವು ಸಾಲ್ಯಾಗ ಹೇಳಿಕೊಡ್ತೀರಂತ ಕೇಳೀನಿ. ಅದಕ್ಕಽ ಇಲ್ಲಿಗೆ ಕರ್ಕೊಂಡು ಬಂದೀನಿ. ಚಂದಾಗಿ ಹೇಳಿಕೊಡ್ರಿ. ಆದ್ರ ಒಂದು ಮಾತು. ಇಕಿದು ಬಂದಾಗ ನನಗ ಹೇಳಬ್ಯಾಡ್ರಿ.”

“ನಿನಗೂ ಹೇಳಬಾರ್ದೇನು?”

“ನನಗೂ ಬ್ಯಾಡ್ರಿ. ಆಯಿ ಇನ್ನಾ ಗಟ್ಟಿ ಅದಾಳ. ತನ್ನ ಮಗಳ ಮಗನಿಗೆ ಇಕಿನ್ನ ಈಗ್ಲೇ ನೋಡಿಟ್ಟಾಳ. ನನ್ನ ಗಂಡ ಚಲೋ ಮನಿಷ್ಯಾ, ಆದ್ರ ತಾಯಿ ಮುಂದ ಅವಗ ಬಾಯಿಲ್ಲ. ದಿನಾ ಬೆಳಗಾದ್ರ ಆಯಿ ನನ್ನ ಮಾರಿ ನೋಡಿ ಕೇಳ್ತಾಳ. ನನಗ ಗೊತ್ತಿದ್ರ ನನ್ನ ಮಾರಿ ಹೇಳಿಬಿಡತೈತಿ. ಅವತ್ತು ನಿಮ್ಮ ಕಣ್ಣು ಹೇಳಿದಂಗ.” ಹೊರಗೆ ನಿಂತ ಮಗಳ ಕಡೆ ನೋಡಿ, “ಹತ್ತನೆತ್ತ ಮುಗಿಯೂ ತನಕ ನಿಮಗೊಬ್ಬಾಕಿಗೆ ಗೊತ್ತಿರ್ಲಿ” ಎಂದಳು.

ಅದೇ ಮಾತು. ನಾನು ಕೊರಳಿಗೆ ಕೈ ಒಯ್ದೆ. ಅವಳು ತಲೆಯಾಡಿಸಿದಳು. “ಆಣೆ ಬ್ಯಾಡ್ರಿ” ಎಂದಳು.

ಹುಡುಗಿಯನ್ನು ಹಾಸ್ಟೆಲ್ಲಿಗೆ ಸೇರಿಸಿದೆವು. ಏಳನೇ ತರಗತಿಯಲ್ಲಿದ್ದಾಗ, ಒಂದು ಮಧ್ಯಾಹ್ನದ ಬಿಡುವಿನಲ್ಲಿ ಅವಳು ನನ್ನ ಹತ್ತಿರ ಬಂದು ನಿಂತು, “ಟೀಚರ್ರ, ನಂದು...” ಎಂದಳು. ಮುಖದಲ್ಲಿ ಅಳು ಇರಲಿಲ್ಲ. ಅವಳಿಗೆ ಒಂದು ಚೀಲ ಹೊಲಿದು ಕೊಟ್ಟೆ. ಅದು ನನ್ನ ಕಬ್ಬಿಣದ ಕಪಾಟಿನಲ್ಲಿ ಇರುತ್ತಿತ್ತು. ಕಪಾಟಿನ ಇನ್ನೊಂದು ಚಾವಿ ಅವಳ ಹತ್ತಿರ. ರಜೆಯಲ್ಲಿ ಊರಿಗೆ ಹೋದಾಗ ಹೇಗೆ ಸಂಭಾಳಿಸಬೇಕು ಎಂಬುದನ್ನು ಇಬ್ಬರೂ ಕೂತು ಯೋಚಿಸಿದೆವು. ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಲಿಂಗಸುಗೂರಿನ ಸಂತೆಗೆ ಬಂದಾಗಲೆಲ್ಲ ಗೆಳತಿ ಮಗಳನ್ನು ನೋಡಿ ಹೋಗುವಳು. ಚೀಲ ಕಪಾಟು ಸೇರಿದ ಮುಂದಿನ ವಾರವೂ ಬಂದಳು. ಹುಡುಗಿ ಬಯಲಿನಲ್ಲಿ ಕೆಳಗಿನ ತರಗತಿಯವರ ಜೊತೆ ಓಡುತ್ತಿದ್ದಳು. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು.

“ಏನರ ಐತೇನ್ರಿ ಟೀಚರ್ರ?” ಎಂದಳು.

ನನ್ನ ಕಣ್ಣು ಕಿಟಕಿಯ ಕಡೆ ಎಳೆಯಿತು. ಹೋಗಬೇಡ ಎಂದುಕೊಂಡೆ. ಅವಳ ಮುಖವನ್ನೇ ನೆಟ್ಟಗೆ ನೋಡಿದೆ.

“ಏನಿಲ್ಲ. ಗಣಿತದಾಗ ಒಂದೀಟು ಹಿಂದ ಅದಾಳ. ನಾ ಹೇಳಿಕೊಡಾಕತ್ತೀನಿ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ತಿಳಿಯಿತೋ, ಇಲ್ಲವೋ. ತಿಳಿದಿದ್ದರೂ ನಾನು ಹೇಳಿದ್ದರಿಂದ ಅಲ್ಲ. ಸಂತೆಯ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

“ಈಗ ಕಲ್ತೀರಿ ಬಿಡ್ರಿ” ಎಂದಳು.

ಗುರುಗುಂಟಾದ ಬಸ್ಸು ಹಿಡಿಯಲು ಅವಳು ಬೇಗ ಬೇಗ ಹೋದಳು. ಅವಳು ಗೇಟು ದಾಟಿದ ಮೇಲೆಯೇ ನಾನು ಕಿಟಕಿಯ ಕಡೆ ತಿರುಗಿದೆ. ಹುಡುಗಿ ಇನ್ನೂ ಓಡುತ್ತಿದ್ದಳು. ಅವಳ ಹತ್ತನೇ ತರಗತಿಗೆ ಇನ್ನೂ ಮೂರು ವರ್ಷವಿತ್ತು.